ಅನಾನಸಿನ ಬೂದಿಹುಳ ಎಲ್ಲಿಂದ ಬಂತು

"ಜನ ಕೊಳಕು ಕಣಯ್ಯ, ಅದಕ್ಕೇ ಹುಳ ಬಿದ್ದಿದೆ" ಎಂದು ನಮ್ಮ ಸೂಪರಿಂಟೆಂಡೆಂಟರು ತೀರ್ಪು ಕೊಟ್ಟಾಗ ಅವರು ಹುಳ ಬಿದ್ದ ಊರಿನ ಒಂದು ಹಿತ್ತಿಲನ್ನೂ ನೋಡಿರಲಿಲ್ಲ. ಕ್ಲೋಸ್‌ಪೇಟೆಯ ಕಚೇರಿಯ ಜಗಲಿಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು, ಚನ್ನಪಟ್ಟಣದ ಕಡೆಯಿಂದ ಬಂದ ದೂರನ್ನು ಅರ್ಧ ಕೇಳಿ, ಕೂತಲ್ಲೇ ಕಾರಣವನ್ನೂ ಕಂಡುಹಿಡಿದುಬಿಟ್ಟಿದ್ದರು. ಈಗ ರಾಮನಗರ ಎನ್ನುವ ಊರಿಗೆ ಆಗ ಕ್ಲೋಸ್‌ಪೇಟೆ ಎಂದೇ ಹೆಸರು. ನಾನು ಅವರ ಕೈಕೆಳಗೆ, ಹಣ್ಣುತರಕಾರಿ ಗಿಡಗಳ ಹುಳುವಿನ ಕಾಟ ನೋಡಿಕೊಳ್ಳುವ ಫೀಲ್ಡ್‌ಮನ್.

ಕಾಟ ಬಂದಿದ್ದು ಅನಾನಸಿಗೆ. ಎರಡು ವರ್ಷದ ಹಿಂದೆ ಅವರೇ ಮುಂದೆ ನಿಂತು ಹೊಂಗನೂರಿನ ಆಚೆಯ ಒಂದು ಊರಿನಲ್ಲಿ ಮನೆಮನೆಗೂ ಅನಾನಸಿನ ಕಂದು ಹಂಚಿಸಿದ್ದರು. ಗಿಡದ ಬುಡದಲ್ಲಿ ಒಡೆಯುವ ಮರಿಗೆ ಕಂದು ಎನ್ನುತ್ತಾರೆ. ಅದನ್ನು ಕಿತ್ತು ನೆಟ್ಟರೆ ಹೊಸ ಗಿಡ. ಹೆಂಗಸರು ಹಿತ್ತಿಲಲ್ಲಿ ಹಣ್ಣು ಬೆಳೆದು ಚನ್ನಪಟ್ಟಣದ ರೈಲು ನಿಲ್ದಾಣದಲ್ಲಿ ಮಾರಿಕೊಳ್ಳಲಿ ಎಂಬುದು ಉದ್ದೇಶ. ಉದ್ದೇಶ ಕೆಟ್ಟದ್ದಲ್ಲ. ಯಾರೂ ಕೇಳಿರಲಿಲ್ಲ ಎನ್ನುವುದು ನಿಜ, ಆದರೆ ಕೈಗೆ ಬಂದ ಮೇಲೆ ಆ ಹೆಂಗಸರು ಅದನ್ನು ಬಿಟ್ಟುಹಾಕಲಿಲ್ಲ. ಬಚ್ಚಲ ನೀರು ತಿರುಗಿಸಿದರು, ಗೊಬ್ಬರ ಹಾಕಿದರು, ದನ ನುಗ್ಗದ ಹಾಗೆ ಮುಳ್ಳು ಕಟ್ಟಿದರು. ಇನ್ನೇನು ಹಣ್ಣು ಬಿಡಬೇಕು ಎನ್ನುವ ಹೊತ್ತಿಗೆ ಎಲೆಗಳು ಕೆಂಪಡರಿ, ತುದಿ ಸುರುಳಿ ಸುತ್ತಿ, ಗಿಡಗಳು ನಿಂತಲ್ಲೇ ಒಣಗತೊಡಗಿದವು.

ಸೂಪರಿಂಟೆಂಡೆಂಟರು ಒಂದು ಡಬ್ಬಿ ಮೀನೆಣ್ಣೆ ಸಾಬೂನು ಕೊಟ್ಟು ನನ್ನನ್ನು ಕಳಿಸಿದರು. ಅದನ್ನು ನೀರಿಗೆ ಕದಡಿ ಪಂಪಿನಿಂದ ಹೊಡೆಯಬೇಕು. ನನಗಿಂತ ಮುಂಚೆ ನಮ್ಮ ಕಚೇರಿಯ ದಫೇದಾರ ಹೋಗಿ, ಸಾಹೇಬರ ಮಾತನ್ನು ಚಾಚೂ ತಪ್ಪದೆ ಊರೆಲ್ಲ ಸಾರಿ ಬಂದಿದ್ದ: ನಿಮ್ಮ ಕೊಳಕಿನಿಂದಲೇ ಹುಳ ಬಂದಿದೆ, ಸರ್ಕಾರದ ಗಿಡ ಹಾಳು ಮಾಡಿದ್ದೀರಿ.

ಮೊದಲು ಹೊಕ್ಕಿದ್ದು ಗೌಡರ ಮನೆ. ಲಿಂಗವಂತರು. ಗೌಡರು ಪೇಟೆಗೆ ಹೋಗಿದ್ದರು. ಹಿತ್ತಿಲು ತೋರಿಸಲು ಗೌಡಮ್ಮನೇ ಬಂದರು. ಅವರ ಅಪ್ಪಣೆ ಕೇಳಿ ಒಂದು ಗಿಡ ಎಳೆದೆ. ಅದು ನೆಲ ಹಿಡಿದಿರಲೇ ಇಲ್ಲ, ಸಲೀಸಾಗಿ ಕೈಗೆ ಬಂತು. ಬೇರು ಕೊಳೆತು ಕಪ್ಪಾಗಿತ್ತು. ಬುಡದ ಎಲೆಗಳನ್ನು ಒಂದೊಂದಾಗಿ ಸಿಗಿದೆ. ಎಲೆ ಕಾಂಡಕ್ಕೆ ಅಪ್ಪಿಕೊಳ್ಳುವ ಬೆಳ್ಳನೆಯ ಜಾಗದಲ್ಲಿ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಹುಳ ಗುಂಪುಗಟ್ಟಿತ್ತು. ಕಚೇರಿಯಲ್ಲಿ ನಾವು ಹಿಟ್ಟುತಿಗಣೆ ಎನ್ನುತ್ತಿದ್ದೆವು. ಊರವರು ಆಗಲೇ ಬೂದಿಹುಳ ಎಂದು ಹೆಸರಿಟ್ಟಿದ್ದರು. ಅವುಗಳ ನಡುವೆ ಇರುವೆಗಳು ಓಡಾಡುತ್ತಿದ್ದವು.

"ಈ ಹುಳ ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತೆ ತಾಯಿ. ಅದು ಇರುವೆಗೆ ಬೇಕು. ಅದಕ್ಕೇ ಇರುವೆ ಇವನ್ನ ಕಾಯುತ್ತೆ. ಒಂದು ಗಿಡ ಒಣಗಿದರೆ ಹೊತ್ತು ಪಕ್ಕದ ಗಿಡಕ್ಕೆ ಬಿಡುತ್ತೆ" ಎಂದೆ.

"ಅಂಗಾರೆ ನಾವು ದನ ಮೇಯ್ಸಿದಂಗೆ ಅವು ಇವನ್ನ ಮೇಯಿಸ್ತವೆ ಅನ್ನಿ" ಎಂದು ಗೌಡಮ್ಮ ಬಗ್ಗಿ ನೋಡಿದರು. ಆಮೇಲೆ ನೆಟ್ಟಗೆ ನಿಂತು ಕೇಳಿದರು, "ನಮ್ ಬಚ್ಚಲ್ ನೀರಿಂದ ಬಂತು ಅಂದ್ರು ನಿಮ್ಮ ದಫೇದಾರ್ರು. ದಿಟ್ವಾ ಸ್ವಾಮಿ?"

"ಬಚ್ಚಲ ನೀರಿಗೂ ಇದಕ್ಕೂ ಸಂಬಂಧವೇ ಇಲ್ಲ."

"ಅಂಗಾರೆ ಎಲ್ಲಿಂದ ಬಂತು?"

ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿ ಸಾಬೂನಿನ ಡಬ್ಬಿ ಬಿಚ್ಚಿದೆ. ಗೌಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಇದೇನ್ ಸ್ವಾಮಿ ಈ ವಾಸ್ನೆ?"

"ಮೀನೆಣ್ಣೆ ಸಾಬೂನು."

"ಲಿಂಗ ಕಟ್ಕೊಂಡಿರೋ ಮನೆ ಇದು. ಇದನ್ನ ಬಳ್ದ್ ಮ್ಯಾಲೆ ಆ ಹಣ್ಣ ಪೂಜೆಗೆ ಎಂಗ್ ಇಕ್ಕನ? ಬ್ಯಾಡಿ, ಮುಚ್ಬುಡಿ."

ಮುಚ್ಚಿದೆ. ಕ್ಲೋಸ್‌ಪೇಟೆಗೆ ಮರಳಿ ವಿಷಯ ಹೇಳಿದಾಗ ಸೂಪರಿಂಟೆಂಡೆಂಟರು ಕೆಂಡವಾದರು. ಈ ಜನರ ಮಡಿಮೈಲಿಗೆ ನೋಡಿಕೊಂಡು ಕೂತರೆ ಇಲಾಖೆಗೆ ಬೀಗ ಹಾಕಬೇಕಾಗುತ್ತದೆ ಎಂದರು. ಅದೇ ಡಬ್ಬಿ ಬೆಂಗಳೂರಿನಿಂದ ಬಂದ ದಿನ, ಇದು ಕಚೇರಿಯ ಒಳಗೆ ಬರಕೂಡದು, ಹಿಂದಿನ ಕುದುರೆ ಲಾಯದಲ್ಲಿ ಇಡು ಎಂದು ಮೂಗು ಹಿಡಿದುಕೊಂಡು ನನಗೆ ಹೇಳಿದವರು ಇವರೇ. ತಮ್ಮ ಮೂಗಿಗೆ ಇದ್ದ ಮರ್ಯಾದೆ ಗೌಡಮ್ಮನ ದೇವರಮನೆಗೆ ಇರಲಿಲ್ಲ. ಅಲ್ಲಿಂದಲೇ ನನಗೆ ಒಳಗೊಳಗೆ ಕುದಿಯತೊಡಗಿತು.

ಬೇರೆ ದಾರಿ ಹಿಡಿದೆ. ಬಟ್ಟೆ ಒಗೆಯುವ ಬಾರ್ ಸಾಬೂನನ್ನು ಹೆರೆದು ನೀರಿನಲ್ಲಿ ಕುದಿಸಿ, ಒಲೆಯಿಂದ ದೂರ ಇಳಿಸಿಕೊಂಡು ಸೀಮೆಎಣ್ಣೆ ಸೇರಿಸಿ, ಅದೇ ಪಾತ್ರೆಗೆ ಪಂಪಿನಿಂದ ಎಳೆದು ಬಿಟ್ಟು, ಎಳೆದು ಬಿಟ್ಟು ಕಡೆಯುತ್ತಿದ್ದರೆ ಎಣ್ಣೆ ನೀರು ಬೆರೆತು ಗಟ್ಟಿಮಜ್ಜಿಗೆಯ ಹಾಗೆ ಆಗುತ್ತದೆ. ಅದಕ್ಕೆ ಮತ್ತೆ ನೀರು ಬೆರೆಸಿ ತೆಳ್ಳಗೆ ಮಾಡಿ ಹೊಡೆಯಬೇಕು. ನಾನು ಗೌಡರ ಬಾವಿಯ ನೀರು ಬೆರೆಸಿದೆ. ಸವಳು ನೀರು, ಸಾಬೂನು ಮೊಸರಿನಂತೆ ಒಡೆದು ಸೀಮೆಎಣ್ಣೆ ಮೇಲೆ ತೇಲಿತು. ಪುಣ್ಯಕ್ಕೆ ಒಂದೇ ಗಿಡಕ್ಕೆ ಹೊಡೆದು ನೋಡಿದ್ದೆ, ಅದರ ಸುಳಿ ಸುಟ್ಟುಹೋಯಿತು. ಕೆರೆಯ ನೀರು ತರಿಸಿ ಮತ್ತೆ ಮಾಡಿದೆ. ಈ ಸಲ ಮದ್ದು ಕೂಡಿಬಂತು, ಎದುರಿಗೆ ಕಂಡ ಹುಳವೆಲ್ಲ ಸತ್ತು ಉದುರಿತು. ಗೌಡಮ್ಮ ಆ ದಿನ ನನಗೆ ಬೆಲ್ಲದ ಪಾನಕ ಕೊಟ್ಟರು.

ಮುಂದಿನ ವಾರ ಹೋಗಿ ಎಲೆ ಸಿಗಿದರೆ ಹುಳ ಹಾಗೇ ಇತ್ತು. ಮದ್ದು ಎಲೆಯ ಸಂದಿನ ಆಳಕ್ಕೆ ಇಳಿಯುತ್ತಿರಲಿಲ್ಲ, ಬೇರಿಗಂತೂ ತಲುಪುತ್ತಲೇ ಇರಲಿಲ್ಲ. ಅಲ್ಲಿ ಉಳಿದದ್ದನ್ನು ಇರುವೆಗಳು ಮತ್ತೆ ಮೇಲಕ್ಕೆ ಹೊತ್ತು ತಂದಿದ್ದವು. ಈ ಗಿಡಗಳನ್ನು ಕಿತ್ತು, ಹುಳವಿಲ್ಲದ ಕಂದು ತಂದು ಹೊಸ ಜಾಗದಲ್ಲಿ ನೆಡುವುದೇ ಸರಿ ಎಂದು ತೋರಿತು. ಹುಳವಿಲ್ಲದ ಕಂದು ಎಲ್ಲಿ ಸಿಗುತ್ತದೆ? ಮೊದಲು ಕೊಟ್ಟದ್ದು ಎಲ್ಲಿಂದಲೋ ಅಲ್ಲೇ ಕೇಳೋಣ ಎಂದು ಸೂಪರಿಂಟೆಂಡೆಂಟರ ಬಂಗಲೆಯ ತೋಟಕ್ಕೆ ಹೋದೆ.

ಮಾಲಿ ಕತ್ತರಿ ಹಿಡಿದು ಅನಾನಸಿನ ಪಾತಿಯಲ್ಲೇ ಕೂತಿದ್ದ. ಕೆಂಪಾದ ಎಲೆ ಕಂಡಲ್ಲೆಲ್ಲ ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದ.

"ಯಾಕಪ್ಪ ಕತ್ತರಿಸ್ತಿದ್ದೀಯ?" ಎಂದು ಕೇಳಿದೆ.

"ಸಾಯೇಬ್ರು ಯೋಳವ್ರೆ. ಜಗಲಿ ಮ್ಯಾಲೆ ಕುಂತೋರ್ಗೆ ಕೆಂಪು ಕಾಣ್ಬಾರ್ದಂತೆ."

"ಎಷ್ಟು ದಿನದಿಂದ ಹೀಗೆ?"

"ಕಂದು ಕಿತ್ತು ಗಾಡಿಗ್ ತುಂಬುದ್ವಲ್ಲ, ಅದ್ಕೂ ಮುಂಚಿಂದ್ಲೂ ಐತೆ."

ನಾನು ಕೂತು ಒಂದು ತಾಯಿಗಿಡದ ಬುಡದ ಎಲೆ ಸಿಗಿದೆ. ಅದೇ ಹಿಟ್ಟು, ಅದೇ ಇರುವೆ. ಇನ್ನೊಂದು ಗಿಡ ನೋಡಿದೆ, ಅಲ್ಲೂ ಅದೇ. ಕಂದಿನ ಬುಡದಲ್ಲಿ ಅಡಗಿ ಕೂತ ಹುಳವೇ ಗಾಡಿ ಏರಿ ಆ ಊರಿಗೆ ಹೋಗಿತ್ತು. ಹುಳ ಹಂಚಿದವರು ನಾವು. ಹಂಚಿ, ಎರಡು ವರ್ಷ ಕಾದು, ಹುಳ ಬಂದ ಮನೆಯವರನ್ನೇ ಕೊಳಕರು ಎಂದವರೂ ನಾವು.

ಕೈ ತೊಳೆಯದೆ ನೇರವಾಗಿ ಬಂಗಲೆಯ ಜಗಲಿಗೆ ಹೋಗಿ ಹೇಳಿದೆ, "ಸಾರ್, ಹುಳ ನಮ್ಮ ತೋಟದಿಂದಲೇ ಹೋಗಿದೆ. ತಾಯಿಗಿಡಗಳ ತುಂಬ ಇದೆ."

ಸೂಪರಿಂಟೆಂಡೆಂಟರು ಹೌದೇ ಎಂದು ಕೇಳಲಿಲ್ಲ. ಎದ್ದು ನೋಡಲೂ ಇಲ್ಲ. ಅವರು ಕೇಳಿದ ಮೊದಲ ಮಾತು, "ಯಾರಿಗೆ ಹೇಳಿದ್ದೀಯ?"

"ಇನ್ನೂ ಯಾರಿಗೂ ಇಲ್ಲ."

"ಹೇಳಬೇಡ. ಮುಂದಿನ ವಾರ ಬೆಂಗಳೂರಿನಿಂದ ದೊಡ್ಡ ಸಾಹೇಬರು ಆ ಊರಿಗೇ ಬರ್ತಿದ್ದಾರೆ. ಅಷ್ಟರಲ್ಲಿ ಗಿಡ ಚೊಕ್ಕಟವಾಗಿ ಕಾಣಬೇಕು. ಹೊಗೆಸೊಪ್ಪಿನ ಕಷಾಯ ಕಾಯಿಸಿ ಎಲ್ಲ ಹಿತ್ತಿಲಿಗೂ ಹೊಡೆದುಬಿಡಿ. ಗಟ್ಟಿಯಾಗಿರಲಿ."

"ಅದೂ ಆಳಕ್ಕೆ ಇಳಿಯಲ್ಲ ಸಾರ್. ಮೇಲೆ ತೊಳೆದ ಹಾಗೆ ಕಾಣುತ್ತೆ, ಅಷ್ಟೇ. ಅಲ್ಲದೆ ಅಲ್ಲಿ ಬೇಲಿಗೆ ಅಂಟಿಕೊಂಡೇ ಹಿಪ್ಪುನೇರಳೆ ಇದೆ. ಮನೆಮನೆಯಲ್ಲೂ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿವೆ. ಸೊಪ್ಪಿನ ಮೇಲೆ ಕಷಾಯ ಹಾರಿದರೆ ಒಂದೂ ಉಳಿಯಲ್ಲ."

ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಹುಳ ಹಗಲಿರುಳು ತಿನ್ನುತ್ತದೆ, ತಿಂದು ಹಣ್ಣಾಗಿ ಗೂಡು ಕಟ್ಟುತ್ತದೆ. ಅಷ್ಟು ದಿನದ ಕಷ್ಟವೆಲ್ಲ ಕೈಗೆ ಬರುವುದು ಆಗಲೇ. ನಾನು ತಿಪ್ಪಸಂದ್ರದವನು, ಹುಳದ ಮನೆಯಲ್ಲೇ ಬೆಳೆದವನು. ಹೊಗೆಸೊಪ್ಪು ಅಗಿದ ಬಾಯಲ್ಲಿ ಯಾರಾದರೂ ಹುಳದ ಕೋಣೆಯ ಹೊಸ್ತಿಲು ತುಳಿದರೆ ನನ್ನವ್ವ ನೆಂಟರೆಂದೂ ನೋಡದೆ ಆಚೆ ಕಳಿಸುತ್ತಿದ್ದಳು.

ಇದನ್ನೆಲ್ಲ ಅವರಿಗೆ ವಿವರಿಸಿದೆ. ಅವರು ಕೈ ಬೀಸಿದರು. "ಅದು ರೇಷ್ಮೆಯವರ ಪಾಡು. ನಾವು ಹಣ್ಣಿನವರು."

ಆಜ್ಞೆ ಆಗಿಹೋಗಿತ್ತು. ಗೊತ್ತುಮಾಡಿದ ದಿನ ಊರಿಗೆ ಹೋದಾಗ ದಫೇದಾರ ಚಾವಡಿಯ ಮುಂದೆ ದೊಡ್ಡ ಹಂಡೆಗಳಲ್ಲಿ ಕಷಾಯ ಕಾಯಿಸಿ ಸಿದ್ಧವಾಗಿ ನಿಂತಿದ್ದ. ಘಾಟು ಬೀದಿಯ ತಿರುವಿಗೇ ಮೂಗಿಗೆ ಹೊಡೆಯಿತು. ಹೆಂಗಸರು ಬಾಗಿಲು ಹಾಕಿಕೊಂಡು, ಕಿಟಕಿಗಳಿಗೆ ಒದ್ದೆ ಗೋಣಿ ಇಳಿಬಿಟ್ಟಿದ್ದರು. ಗೌಡಮ್ಮ ತಮ್ಮ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಿಂತಿದ್ದರು. ಪಕ್ಕದಲ್ಲಿ ಚನ್ನಪಟ್ಟಣದ ಒಬ್ಬ ಸಾಬರು; ಈ ಊರಿನ ಗೂಡು ಕೊಂಡು ಒಯ್ದು ನೂಲು ತೆಗೆಯುವವರು, ಬೆಳೆ ನೋಡಲು ಬಂದಿದ್ದರು.

"ಗಾಳಿ ನಮ್ ಕಡೀಕೇ ಬೀಸ್ತಾ ಐತೆ ಸ್ವಾಮಿ" ಎಂದರು ಗೌಡಮ್ಮ. ದನಿ ಏರಿಸಲಿಲ್ಲ. "ಗಿಡ ನೀವೇ ಕೊಟ್ಟಿದ್ದು, ಬೇಕಾದ್ರೆ ಕಿತ್ಕೊಂಡೋಗಿ. ರೇಸ್ಮೆ ಹುಳ ನಿಮ್ದಲ್ಲ."

ಸಾಬರು ಟೋಪಿ ಸರಿಮಾಡಿಕೊಂಡು ಹೇಳಿದರು, "ಗೂಡು ಆಗ್ಲಿಲ್ಲ ಅಂದ್ರೆ ಇವ್ರದ್ದು ಮಾತ್ರ ಹೋಗಲ್ಲ ಸ್ವಾಮಿ. ನಮ್ಮ ಗಲ್ಲೀಲಿ ಗೂಡು ಬೇಯಿಸೋ ಒಂದ್ ಭಟ್ಟೀನೂ ಉರಿಯಲ್ಲ. ಹೆಂಗಸ್ರು ಮಕ್ಳು ಎಲ್ಲಾ ಅದ್ರ ಮೇಲೇ ಇರೋದು."

ದಫೇದಾರ ಪಂಪು ತಂದು ನನ್ನ ಕೈಗೆ ಕೊಟ್ಟ. "ಸುರು ಮಾಡಿ ಸ್ವಾಮಿ, ಸಾಯೇಬ್ರ ಅಪ್ಪಣೆ ಐತೆ."

ಪಂಪು ಹಿಡಿದು ನಿಂತೆ. ಯಾವ ಹುಳ ಸಾಯಿಸಲು ಬಂದಿದ್ದೆನೋ ಅದು ಇದರಿಂದ ಸಾಯುವುದಿಲ್ಲ. ಯಾವುದು ಸಾಯಬಾರದೋ ಅದು ಸಾಯುತ್ತದೆ. ಇದೆಲ್ಲ ಒಬ್ಬರ ತೋಟದ ಮಾನ ಉಳಿಸಲು. ಪಂಪಿನ ಮೂತಿಯನ್ನು ತಿರುಗಿಸಿ ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡೆ.

ದಫೇದಾರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ, "ಪಂಪು ಕೆಟ್ಟೋಯ್ತು ಅಂತ ಯೋಳ್ಲಾ?" ಅವನ ಮನಸ್ಸೂ ಆ ಕೆಲಸಕ್ಕೆ ಒಪ್ಪಿರಲಿಲ್ಲ ಎಂದು ಆಗ ತಿಳಿಯಿತು.

"ಬೇಡ. ಹೊಡೆಯಲ್ಲ ಅಂದ ಅಂತಲೇ ಹೇಳು."

ಹಂಡೆಗಳನ್ನು ಹೊರಿಸಿ, ಊರಾಚೆ ಏನೂ ಬೆಳೆಯದ ಕಲ್ಲುಗುಂಡಿಗೆ ಸುರಿಸಿ ಮಣ್ಣು ಮುಚ್ಚಿಸಿದೆ. ಹೊತ್ತವರು ಮಿಂದು ಬಟ್ಟೆ ಬದಲಿಸುವವರೆಗೆ ಯಾರ ಮನೆಗೂ ಹೋಗಬಾರದು ಎಂದು ಗೌಡಮ್ಮ ಕಟ್ಟಪ್ಪಣೆ ಮಾಡಿದರು.

ಹೊಡೆಯುವುದಿಲ್ಲ ಎಂದರೆ ಮುಗಿಯಲಿಲ್ಲ, ಗಿಡಕ್ಕೆ ಏನಾದರೂ ಮಾಡಬೇಕಿತ್ತು. ಹುಳವಿಲ್ಲದ ಕಂದು ಹೊರಗೆಲ್ಲೂ ಇರಲಿಲ್ಲ, ಇದ್ದುದನ್ನೇ ಶುದ್ಧ ಮಾಡಿಕೊಳ್ಳಬೇಕು. ಊರಿನ ಪಕ್ಕದಲ್ಲಿ ಒಂದು ದೊಡ್ಡ ಹಾಸುಬಂಡೆ. ಹಿಪ್ಪುನೇರಳೆಗೆ ದೂರ, ಗಾಳಿ ಊರಿಗೆ ಬೀಸದ ಕಡೆ. ಎಲ್ಲ ಮನೆಗಳ ಗಿಡಗಳನ್ನೂ ಕಿತ್ತು ಅಲ್ಲಿಗೆ ಸಾಗಿಸಿದೆವು. ತೀರ ಕೊಳೆತದ್ದನ್ನು ಅಲ್ಲೇ ಸುಟ್ಟೆವು. ಉಳಿದವುಗಳಿಂದ ಕಂದು ಮುರಿದುಕೊಂಡು, ಬುಡದ ಎಲೆಗಳನ್ನು ಬೆಳ್ಳಗೆ ಕಾಣುವವರೆಗೂ ಸುಲಿದೆವು. ಹುಳ ಅಡಗಲು ಸಂದೇ ಇರಬಾರದು. ಆಮೇಲೆ ಕೆರೆಯ ನೀರಿನಲ್ಲಿ ಮಾಡಿದ ಸಾಬೂನು-ಸೀಮೆಎಣ್ಣೆಯ ತೆಳು ಮದ್ದಿನಲ್ಲಿ ಬುಡವನ್ನು ಅದ್ದಿ ತೆಗೆದು, ತಲೆಕೆಳಗಾಗಿ ಬಂಡೆಯ ಮೇಲೆ ಬಿಸಿಲಿಗೆ ಜೋಡಿಸಿದೆವು. ಅನಾನಸು ಗಟ್ಟಿ ಜೀವ, ಹಾಗೆ ಒಣಗಿದರೂ ಸಾಯುವುದಿಲ್ಲ; ಹುಳ ಸಾಯುತ್ತದೆ. ಗಂಡಸರು ಹಿತ್ತಿಲುಗಳಲ್ಲಿ ಇರುವೆಗೂಡು ಅಗೆದು ಕುದಿನೀರು ಹೊಯ್ದರು. ಹಳೆಯ ಜಾಗಕ್ಕೆ ವರ್ಷದವರೆಗೆ ಅನಾನಸು ಬೇಡ, ಬೇಲಿಯಿಂದ ದೂರ ಹೊಸ ಪಾತಿ ಮಾಡಿ ಎಂದೆ. ಹೆಂಗಸರು ಈ ಕೆಲಸಕ್ಕೆ ಕೈ ಹಾಕಲಿಲ್ಲ. ಅವರ ಕೈಗೆ ಸೀಮೆಎಣ್ಣೆ ವಾಸನೆ ತಾಗಬಾರದು, ಒಳಗೆ ಹುಳಕ್ಕೆ ಸೊಪ್ಪು ಹಾಕಬೇಕು.

ಕಂದು ಬಂಡೆಯ ಮೇಲೆ ಒಣಗುತ್ತಿದ್ದಾಗಲೇ ಒಳಗೆ ರೇಷ್ಮೆ ಹುಳ ಹಣ್ಣಾಗಿ ಹಳದಿಗೆ ತಿರುಗಿ ಗೂಡು ಕಟ್ಟುವ ಚಂದ್ರಿಕೆ ಏರಿದವು. ಗೌಡಮ್ಮ ನನ್ನನ್ನು ಕರೆದು ಬಾಗಿಲಲ್ಲೇ ನಿಲ್ಲಿಸಿ ತೋರಿಸಿದರು. ಗೋಡೆಗೆ ಒರಗಿಸಿದ ಬಿದಿರಿನ ತಟ್ಟೆಗಳ ಸುರುಳಿ ಸುರುಳಿಯಲ್ಲೂ ಹುಳ ತಲೆ ಆಡಿಸುತ್ತ ನೂಲು ಬಿಡುತ್ತಿತ್ತು.

ದೊಡ್ಡ ಸಾಹೇಬರು ಬಂದರು. ಬಂಡೆಯ ಮೇಲೆ ತಲೆಕೆಳಗಾಗಿ ಕೂತ ಕಂದುಗಳ ಸಾಲು ನೋಡಿ ಕುತೂಹಲದಿಂದ ಬಗ್ಗಿ ಒಂದನ್ನು ಎತ್ತಿ ನೋಡಿದರು. ಸೂಪರಿಂಟೆಂಡೆಂಟರು ತಡಮಾಡಲಿಲ್ಲ. "ಈ ಜನರ ಅಶುಚಿಯಿಂದ ಬಂದ ಕಾಟ ಸಾರ್. ನಾನು ಈ ಕ್ರಮ ಮಾಡಿಸಿದ್ದೇನೆ" ಎಂದರು. ಬಂಡೆಯ ಕೆಲಸದಲ್ಲಿದ್ದ ಊರಿನವರು ಸುತ್ತ ನಿಂತಿದ್ದರು. ಅವರ ಮುಂದೆಯೇ ಹೇಳಿದರು, ಅವರಿಗೆ ಕಿವಿಯೇ ಇಲ್ಲ ಎನ್ನುವ ಹಾಗೆ.

"ಇಲ್ಲ ಸಾರ್" ಎಂದೆ. "ಕೊಟ್ಟ ಕಂದಿನಲ್ಲೇ ಹುಳ ಇತ್ತು. ತಾಯಿಗಿಡಗಳು ಕ್ಲೋಸ್‌ಪೇಟೆಯ ಬಂಗಲೆಯಲ್ಲಿವೆ. ಹೋಗುವಾಗ ದಾರಿಯಲ್ಲೇ ನೋಡಬಹುದು."

ದೊಡ್ಡ ಸಾಹೇಬರು ನನ್ನನ್ನು ನೋಡಿದರು, ಸೂಪರಿಂಟೆಂಡೆಂಟರನ್ನು ನೋಡಿದರು, ಕೊನೆಗೆ ಜೇಬಿನ ಗಡಿಯಾರ ನೋಡಿದರು. ರೈಲಿಗೆ ಹೊತ್ತಾಗಿತ್ತು. "ವಿಧಾನ ಚೆನ್ನಾಗಿದೆ. ಎಲ್ಲ ತಾಲ್ಲೂಕಿಗೂ ತಿಳಿಸಿ" ಎಂದು ಹೇಳಿ ಸೂಪರಿಂಟೆಂಡೆಂಟರ ಕೈ ಕುಲುಕಿ ಜಟಕಾ ಹತ್ತಿದರು.

ಬಂಗಲೆಗೆ ಅವರು ಹೋಗಲಿಲ್ಲ. ತಾಯಿಗಿಡಗಳನ್ನು ಸೂಪರಿಂಟೆಂಡೆಂಟರು ಮರುದಿನವೇ ಕೀಳಿಸಿ ಸುಡಿಸಿದರೆಂದು ಮಾಲಿ ಹೇಳಿದ. ನನಗೆ ಕಾನಕಾನಹಳ್ಳಿಗೆ ವರ್ಗವಾಯಿತು. ಕನಕಪುರಕ್ಕೆ ಆಗ ಆ ಹೆಸರು. ವರ್ಗದ ಬಗ್ಗೆ ನನಗೆ ಬೇಸರವಿರಲಿಲ್ಲ, ಕೆಲಸ ಎಲ್ಲಿದ್ದರೂ ಕೆಲಸವೇ. ವಿಧಾನಕ್ಕೆ ಅವರ ಹೆಸರು ಬಿದ್ದದ್ದೂ ದೊಡ್ಡ ಮಾತಲ್ಲ. ಆದರೆ ಆ ಊರಿನವರ ಮೇಲೆ ಹೊರಿಸಿದ ಮಾತು ಹಾಗೇ ಉಳಿದುಹೋಗುತ್ತದಲ್ಲ, ಅದನ್ನು ಇಳಿಸಬೇಕೆಂದು ಯಾರಿಗೂ ತೋಚಲಿಲ್ಲವಲ್ಲ ಎಂಬುದು ಮಾತ್ರ ನನ್ನನ್ನು ಬಿಡಲಿಲ್ಲ.

ಹೊರಡುವ ಮುಂಚೆ ಒಂದು ಬೆಳಗ್ಗೆ ಆ ಊರಿಗೆ ಹೋಗಿ ಮನೆಮನೆಯ ಬಾಗಿಲಲ್ಲೂ ನಿಂತು ಹೇಳಿದೆ, "ಹುಳ ನಿಮ್ಮಿಂದ ಬಂದದ್ದಲ್ಲ. ನಾವು ಕೊಟ್ಟ ಕಂದಿನಲ್ಲಿ ಬಂತು." ಗೌಡಮ್ಮ ತಲೆಯಾಡಿಸಿ, "ದೊಡ್ ಸಾಯೇಬ್ರ ಮುಂದೆ ಅಂದ್ರಂತಲ್ಲ, ನಂಗೆ ಅವತ್ತೇ ಗೊತ್ತಾಯ್ತು ಬುಡಿ" ಎಂದರು. ಕೆಲವರು ನಕ್ಕರು. ಕೆಲವರು ನಾನು ಇನ್ನೇನೋ ಕೇಳಲು ಬಂದಿದ್ದೇನೆಂದು ಅನುಮಾನಪಟ್ಟರು.

ಕೊನೆಗೆ ಮಡಿವಾಳರ ಮನೆ. ನಾವು ಗಿಡ ಕಿತ್ತು ಬಂಡೆಗೆ ಸಾಗಿಸಿದಾಗ ಆ ಮನೆಯಿಂದ ಒಂದೂ ಬಂದಿರಲಿಲ್ಲ. ನೆಟ್ಟೇ ಇರಲಿಲ್ಲವೇನೋ ಅಂದುಕೊಂಡಿದ್ದೆ. ಮನೆಯಾಕೆ ಅಂಗಳದಲ್ಲಿ ಬಟ್ಟೆ ಗಂಟು ಕಟ್ಟುತ್ತಿದ್ದರು. ನಡುವಯಸ್ಸು, ಗಟ್ಟಿಮುಟ್ಟಾದ ಹೆಂಗಸು. ನಾನು ಹೇಳಿದ್ದನ್ನು ಕೇಳಿ ಗಂಟನ್ನು ಅಲ್ಲೇ ಬಿಟ್ಟರು.

"ನಾವೂ ನೆಟ್ಟಿದ್ವು ಬುದ್ದಿ. ಎಲ್ಲಾರ್ಗಿಂತ ಚೆಂದಾಗಿ ಬಂದಿದ್ವು. ಕೊಳಕ್ರು ಅಂತ ದಫೇದಾರ್ರು ಯೋಳೋದ್ರಲ್ಲ, ಅವತ್ತು ಸಂಜೀಕೇ ಎಲ್ಲಾನೂ ಕಿತ್ತು ಸುಟ್ಬುಟ್ಟೆ. ಒಂದ್ರಲ್ಲಿ ಪೀಚು ಬಿಟ್ಟಿತ್ತು, ಅದ್ನೂವೆ."

"ಯಾಕೆ ತಾಯಿ?" ಎಂದೆ.

"ಊರ್ ಬಟ್ಟೆಯೆಲ್ಲ ಬೆಳ್ಳಗ್ ಮಾಡೋರು ನಾವು. ನಮ್ಮನ್ನ ಕೊಳಕ್ರು ಅಂದ್ಮ್ಯಾಲೆ ಮಡಿ ಬಟ್ಟೆ ಎತ್ಕೊಂಡು ಯಾವ್ ಮುಖ ಇಟ್ಕೊಂಡು ಒಬ್ಬರ ಬಾಗ್ಲಿಗ್ ಓಗನ? ಆಚೆ ಬೀದಿಯೋರು ನಗ್ತಾರೆ ಬುದ್ದಿ, ನಿನ್ ಮನೇಲೂ ಹುಳ ಬಿದ್ದಿತ್ತಂತಲ್ಲ ಅಂತ." ಆಕೆ ಸ್ವಲ್ಪ ತಡೆದು ಕೇಳಿದರು, "ಅಂಗಂದ ಸಾಯೇಬ್ರು ಬಂದು, ಅಲ್ಲ ಅಂತ ಒಂದ್ ಮಾತು ಯೋಳ್ತಾರಾ?"

"ಇಲ್ಲ ತಾಯಿ. ಅವರು ಬರೋದಿಲ್ಲ."

ಆಕೆ ಬೀದಿಯ ಕಡೆ ನೋಡಿದರು. ಎದುರು ಸಾಲಿನ ಜಗಲಿಗಳಲ್ಲಿ ಆಗಲೇ ಒಂದಿಬ್ಬರು ನಮ್ಮ ಕಡೆ ಕಿವಿಗೊಟ್ಟು ಕೂತಿದ್ದರು.

"ಅಂಗಾರೆ ನೀವೇ ಇನ್ನೊಂದ್ ಸಲ ಯೋಳಿ ಬುದ್ದಿ. ಇಲ್ಲಿ ಅಲ್ಲ, ಬೀದೀಲಿ ನಿಂತ್ಕಂಡು. ಒಸಿ ಗಟ್ಟಿಯಾಗಿ ಯೋಳಿ."

ನಾನು ಅಂಗಳ ಇಳಿದು ಬೀದಿಯ ನಡುವೆ ಹೋಗಿ ನಿಂತೆ. ಹೇಳಿದೆ. ಅದು ಸಾಲದು ಎಂದು ಆಕೆ ಹಿಂದಿನಿಂದ ಅಂದರು. ಇನ್ನೂ ಗಟ್ಟಿಯಾಗಿ, ಆ ತುದಿಯ ಮನೆಯವರೂ ಎದ್ದು ಹೊರಗೆ ಬರುವ ಹಾಗೆ, ಮತ್ತೆ ಹೇಳಿದೆ.